ಕಸ್ತೂರಿ ಕೊರೆದ ಮಳೆ

ಗೋಕಾಕದ ಕಸ್ತೂರಿ ಮೂವತ್ತು ವರ್ಷದಿಂದ ಕಟ್ಟಿಗೆಯ ಬದನೆಕಾಯಿ, ಮಾವಿನಹಣ್ಣು ಮಾಡುತ್ತಿದ್ದಾರೆ. ಅವರ ಬಾಳೆಹಣ್ಣನ್ನು ಸುಲಿಯಲು ಹೋಗಿ ಬೇಸ್ತು ಬಿದ್ದವರಲ್ಲಿ ನಾನೂ ಒಬ್ಬ. ಆದರೂ ಅವರನ್ನು ನಾವು ಕಲಾವಿದೆ ಎನ್ನುವುದಿಲ್ಲ. 'ಗೊಂಬಿ ಮಾಡಾಕಿ' ಎನ್ನುತ್ತೇವೆ. ನಾಚಿಕೆಯೂ ಆಗುವುದಿಲ್ಲ.

ಹೋದ ಮಳೆಗಾಲದಲ್ಲಿ ಮೂಡಲಗಿಯ ಡ್ರಾಯಿಂಗ್ ಟೀಚರ್ ಇರ್ಫಾನಾ, ಜಪಾನಿನ ಹಳೆಯ ಮರದಚ್ಚಿನ ಚಿತ್ರಗಳ ಪುಸ್ತಕ ಹಿಡಿದು ಅವರ ಮನೆಗೆ ಬಂದರು. ಒಂದು ಪುಟದಲ್ಲಿ ಓರೆಯಾಗಿ ಸುರಿಯುವ ಮಳೆ, ಅದರಲ್ಲಿ ತೊಯ್ದು ನಿಂತ ತಿಳಿಗುಲಾಬಿ ಹೂಮರ.

"ಇದ್ಯಾವ ಹೂವರಿ ಅಕ್ಕಾರ?" ಕಸ್ತೂರಿ ಟೀಚರನ್ನು ಕೇಳಿದರು.

"ಚೆರ್ರಿ."

"ಕೇಕಿನ ಮ್ಯಾಲ ಇಡತಾರಲ್ಲ, ಅದರ ಹೂವ?"

"ಅದರ ತಂಗಿ ಅನ್ಕೋರಿ. ವಾರದಾಗ ಉದರಿ ಹೋಗತಾವಂತ."

"ಹಂಗಾರ ಲಗೂ ಕೊರಿಬೇಕು!"

ಹುಕ್ಕೇರಿಯಲ್ಲಿ ನಡೆಯಲಿದ್ದ ಕಲಾ ಪ್ರದರ್ಶನಕ್ಕೆ ಇಬ್ಬರೂ ಸೇರಿ ಇಂಥದೇ ಒಂದು ಚಿತ್ರ ಮಾಡುವುದೆಂದಾಯಿತು. ಇರ್ಫಾನಾ ಧುಪದಾಳದ ಹೊಳೆಯ ಮೇಲೆ ಮಳೆ ಬರೆದು, ದಂಡೆಗೆ ಚೆರ್ರಿ ಮರ ನಿಲ್ಲಿಸಿದರು. ಸ್ಕೇಲಿಟ್ಟು ಮಳೆ ಎಳೆಯಲು ಅವರಿಗೆ ಹಿಡಿದದ್ದು ಹತ್ತು ನಿಮಿಷ. ಅದನ್ನು ಬಣ್ಣಕ್ಕೊಂದು ಹಲಗೆಯಂತೆ ಕೊರೆದು, ಬಣ್ಣ ಹಚ್ಚಿ ಕಾಗದಕ್ಕೆ ಒತ್ತಬೇಕು. ಕಸ್ತೂರಿಗೆ ಹೂವಿನ ಹಲಗೆ ಎರಡೇ ದಿನದಲ್ಲಿ ಮುಗಿಯಿತು. ಮಳೆಯ ಹಲಗೆಗೆ ಹತ್ತೊಂಬತ್ತು ದಿನ. ಕೂದಲೆಳೆಯಂಥ ಗೆರೆ ಉಳಿಸಿ ಸುತ್ತಲಿನ ಕಟ್ಟಿಗೆಯನ್ನಷ್ಟೇ ತೆಗೆಯಬೇಕು.

ಅದರಲ್ಲೂ ಮೊದಲು ಕೊರೆದ ಮಳೆಯ ಹಲಗೆ ಕೆಟ್ಟಿತು. ಮಕ್ಕಳ ಕೈಗೆ ಚುಚ್ಚಬಾರದೆಂದು ಗೊಂಬೆಯ ಅಂಚನ್ನೆಲ್ಲ ಪಾಲಿಶ್ ಪೇಪರಿನಿಂದ ಉಜ್ಜುವುದು ಕಸ್ತೂರಿಯ ರೂಢಿ. ಮಳೆಯನ್ನೂ ಉಜ್ಜಿಬಿಟ್ಟಿದ್ದರು! ಗೆರೆಗಳು ದುಂಡಗಾಗಿ, ಕಾಗದದ ಮೇಲೆ ಮಳೆಯ ಬದಲು ಮಂಜು ಮೂಡಿತು.

"ಮಳಿ ಚುಚ್ಚಬೇಕರಿ," ಇರ್ಫಾನಾ ನಕ್ಕರು.

"ಮೂವತ್ತ ವರ್ಷ ಚುಚ್ಚದಂಗ ಮಾಡೇನ್ರಿ. ಈ ಕೈಗೆ ಹೊಸದಾಗಿ ಹೇಳಬೇಕಲ್ಲ," ಎಂದು ಕಸ್ತೂರಿ ಇನ್ನೊಂದು ಹಲಗೆ ತೆಗೆದುಕೊಂಡರು.

ಪ್ರದರ್ಶನದ ದಿನ ಚಿತ್ರದ ಕೆಳಗಿನ ಚೀಟಿಯಲ್ಲಿ ಇರ್ಫಾನಾ ಹೆಸರೊಂದೇ. ಜಪಾನಿನಲ್ಲೂ ಬರೆದವರ ಹೆಸರು ಜಗತ್ತಿಗೆಲ್ಲ ಗೊತ್ತು, ಕೊರೆದವರದು ಬಹಳ ಮಂದಿಗೆ ಗೊತ್ತಿಲ್ಲ. ಅನ್ಯಾಯಕ್ಕೆ ಪಾಸ್‌ಪೋರ್ಟ್ ಬೇಕಿಲ್ಲ ನೋಡಿ.

ಕಸ್ತೂರಿ ವ್ಯವಸ್ಥಾಪಕ ಗುರುಲಿಂಗಪ್ಪನವರನ್ನು ತಡೆದರು. "ನನ್ನ ಹೆಸರೆಲ್ಲೈತ್ರಿ ಸಾಹೇಬ್ರ?"

"ನಿನ್ನ ಗೊಂಬಿ ಸ್ಟಾಲ್ ಹೊರಗೈತಲ್ಲವಾ..."

"ಗೊಂಬಿ ಹೊರಗ ಇರ್ಲಿ. ಒಳಗಿನ ಮಳಿ ಯಾರದು?"

"ಅಕಿದ," ಎಂದರು ಇರ್ಫಾನಾ. "ಬರೀರಿ. ಇಲ್ಲಾಂದ್ರ ನನ್ನ ಹೆಸರೂ ತಗೀರಿ."

"ಚೀಟಿ ಪ್ರಿಂಟ್ ಆಗ್ಯಾವ್ರಿ ಮೇಡಮ್ಮ."

"ಹಂಗಾರ ಚಿತ್ರಾನೂ ನೀವ ಪ್ರಿಂಟ್ ಮಾಡ್ರಿ," ಎಂದ ಕಸ್ತೂರಿ ಮಳೆಯ ಹಲಗೆಯನ್ನು ಚೀಲಕ್ಕೆ ತುರುಕಿದರು. ಅತಿಥಿಗಳ ಎದುರಿಗೇ ಅಚ್ಚು ಹಾಕಿ ತೋರಿಸುವುದೆಂದು ಕರೆಯೋಲೆಯಲ್ಲಿತ್ತು. ಅತಿಥಿಗಳ ಜೀಪು ಆಗಲೇ ಗೇಟಿನಲ್ಲಿತ್ತು.

ಗುರುಲಿಂಗಪ್ಪ ಪೆನ್ನು ತೆಗೆದರು. ಇರುವೆಯಷ್ಟು ಅಕ್ಷರದಲ್ಲಿ 'ಕೊರೆದವರು: ಕಸ್ತೂರಿ' ಎಂದು ಬರೆದರು.

"ಇದನ್ನ ಓದಾಕ ಕಣ್ಣಿಗೆ ಚಾಳೀಸ ನೀವ ಕೊಡತೀರೇನ್ರಿ?" ಎಂದರು ಕಸ್ತೂರಿ.

ಗುರುಲಿಂಗಪ್ಪ ಹೊಸ ಚೀಟಿ ತಂದು, ಇರ್ಫಾನಾ ಹೆಸರಿನಷ್ಟೇ ದಪ್ಪಗೆ ಬರೆದರು. ಆಮೇಲೆ ಅವಸರದಲ್ಲಿ ತಾವೇ ಚೀಲಕ್ಕೆ ಕೈಹಾಕಿ ಹಲಗೆ ತೆಗೆಯಲು ಹೋಗಿ, "ಅಯ್ಯಯ್ಯ, ಚುಚ್ಚಿತಲ್ಲವಾ!" ಎಂದು ಬೆರಳು ಬಾಯಿಗಿಟ್ಟುಕೊಂಡರು.

"ಹೌದನ್ರಿ?" ಕಸ್ತೂರಿಯ ಮುಖ ಅರಳಿತು. "ಹಂಗಾರ ಮಳಿ ಚಲೋ ಬಂದೈತಿ."