ಗುಡುಗಣ್ಣನ ಗಂಟಲಿಗೆ ಸಿಕ್ಕ ಕೆಲಸ

ಆ ಬೀದಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎಲ್ಲರಿಗೂ ಅವನು ಗುಡುಗಣ್ಣ. ಕಿಟಕಿಯ ಗ್ರಿಲ್ಲು, ಗೇಟು, ಮೆಟ್ಟಿಲ ಕಂಬಿ ಮಾಡಿಕೊಡುವ ವೆಲ್ಡಿಂಗ್ ಅಂಗಡಿ ಅವನದು. ದಿನವಿಡೀ ಗ್ರೈಂಡರಿನ ಕಿರುಚಾಟದ ಮೇಲೆ ದನಿ ಏರಿಸಿ ಏರಿಸಿ, ‘ನೀರು ಕೊಡು’ ಅಂದರೂ ಜಗಳಕ್ಕೆ ನಿಂತವನಂತೆ ಕೇಳಿಸುತ್ತಿತ್ತು. ಅವನು ಹೆಂಡತಿಗೆ ಗುಟ್ಟು ಹೇಳಿದರೆ ಎದುರುಮನೆಯವರು ಉತ್ತರ ಕೊಡುತ್ತಿದ್ದರು.

ಅವನ ತಂಗಿ ಶಾಲೆಯಲ್ಲಿ ಟೀಚರು. ಚರ್ಚಿನ ಹಾಡುಗಾರರ ತಂಡಕ್ಕೂ ಅವಳೇ ಯಜಮಾನಿ. ಡಿಸೆಂಬರ್ ಬಂತೆಂದರೆ ಸಂಜೆಯ ಹೊತ್ತು ತಂಡ ಮನೆಮನೆಗೆ ಹೋಗಿ ಕ್ರಿಸ್‌ಮಸ್ ಹಾಡು ಹಾಡಿ ಬರುತ್ತಿತ್ತು. ಗುಡುಗಣ್ಣನೂ ಜೊತೆಗಿರುತ್ತಿದ್ದ. ಆದರೆ ಬಾಯಿ ಬಿಡುವ ಹಾಗಿರಲಿಲ್ಲ. ಹಿಂದೊಮ್ಮೆ ಬಿಟ್ಟಾಗ, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವಂತಾಗಿ, ಅರ್ಧ ತಂಡ ಅವನ ಸ್ವರದ ಹಿಂದೆ ಹೋಗಿ ದಾರಿ ತಪ್ಪಿತ್ತು.

“ಅಣ್ಣಾ, ನಿನ್ನ ಕಾಲಿಗೆ ಬೀಳ್ತೀನಿ. ನೀನು ದೀಪ ಹಿಡ್ಕೊಂಡು ಬಾಗಿಲು ತಟ್ಟು, ಅಷ್ಟು ಸಾಕು,” ಎಂದಿದ್ದಳು ತಂಗಿ.

“ಆಗ್ಲಿ ಬಿಡು ತಾಯಿ. ನಿಮಗೆ ಹಾಡು, ನನಗೆ ಕೇಕು,” ಎಂದು ಅವನು ನಕ್ಕಿದ್ದ.

ಅವನಿಗೆ ಬೇಸರವೇನೂ ಇರಲಿಲ್ಲ. ದೇವರು, ಪ್ರಾರ್ಥನೆ ಎಲ್ಲ ಹೆಂಡತಿಯ ಖಾತೆ ಎಂದು ಬಿಟ್ಟುಕೊಟ್ಟು, ಭಾನುವಾರ ಅವಳ ಪಕ್ಕದಲ್ಲಿ ಸುಮ್ಮನೆ ಕೂತು ಬರುತ್ತಿದ್ದ. ಆದರೆ ಈ ಸಂಜೆಗಳೆಂದರೆ ಅವನಿಗೆ ಪ್ರಾಣ. ತಾನೇ ಬೆಸೆದ ಗೇಟು ತೆರೆದು ಒಳಹೋಗುವುದು, ಬಾಗಿಲಲ್ಲಿ ಚಪ್ಪಲಿಗಳ ಗುಡ್ಡೆ, ಇಕ್ಕಟ್ಟಾದ ಕೋಣೆಯಲ್ಲಿ ಮೊಣಕೈ ತಿವಿದುಕೊಂಡು ಚಹಾ ಕುಡಿಯುವುದು. “ದೇವರು ಎಲ್ಲಿದಾನೋ ಕಾಣೆ, ಚಹಾ ಮಾತ್ರ ಬಿಸಿ ಇದೆ,” ಎಂದು ಹೆಂಡತಿಯನ್ನು ರೇಗಿಸುತ್ತಿದ್ದ.

“ಕೊಟ್ಟವರ ಮುಖ ನೋಡಿ ಕುಡೀರಿ, ಗೊತ್ತಾಗುತ್ತೆ,” ಎನ್ನುತ್ತಿದ್ದಳು ಅವಳು.

ಬೀದಿಯ ಕೊನೆಯ ಮನೆ ನರ್ಸಮ್ಮನದು. ಆ ಬೀದಿಯ ಅರ್ಧ ಜನ ಅವರ ಕೈಯಲ್ಲೇ ಹುಟ್ಟಿದವರು. ಕೆಲವು ವರ್ಷಗಳಿಂದ ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ. ಆದರೂ ಪ್ರತಿ ಡಿಸೆಂಬರಿನಲ್ಲಿ ಕುರ್ಚಿಯಲ್ಲಿ ಕೂತು, ಹಾಡುವವರ ತುಟಿ ನೋಡುತ್ತಾ ಮುಗುಳ್ನಗುತ್ತಿದ್ದರು. ಈ ಸಲ ತಂಡ ಹೋದಾಗ ಅವರ ಸೊಸೆ ಬಾಗಿಲಲ್ಲೇ ತಡೆದಳು.

“ಅತ್ತೆ ಬೇಡ ಅಂತಿದಾರೆ. ಬಾಯಿ ಆಡೋದನ್ನ ನೋಡಿ ನೋಡಿ ಸಾಕಾಗಿದೆಯಂತೆ. ಬೇಜಾರು ಮಾಡ್ಕೋಬೇಡಿ.”

ಗುಡುಗಣ್ಣನ ತಂಗಿ, “ಒಂದೇ ಹಾಡು, ಹಾಡಿ ಹೊರಟುಬಿಡ್ತೀವಿ,” ಎಂದು ಬೇಡಿಕೊಂಡಳು. ಒಳಗೆ ನರ್ಸಮ್ಮ ಕಿಟಕಿಯ ಕಡೆ ತಿರುಗಿ ಕೂತಿದ್ದರು. ತಂಡ ಜೇನು ಸುರಿದಂತೆ ಹಾಡಿತು. ಅವರು ಈ ಕಡೆ ನೋಡಲೇ ಇಲ್ಲ.

ದೀಪ ಹಿಡಿದು ಕುರ್ಚಿಯ ಪಕ್ಕದಲ್ಲೇ ನಿಂತಿದ್ದ ಗುಡುಗಣ್ಣನಿಗೆ ತಡೆಯಲಾಗಲಿಲ್ಲ. ಬಗ್ಗಿ, “ಅಮ್ಮಾ, ಕುರಿ ಕಾಯೋರ ಹಾಡು!” ಎಂದ.

ನರ್ಸಮ್ಮ ತಟ್ಟನೆ ತಿರುಗಿದರು. “ಏನಂದೆ?”

“ಕುರಿ ಕಾಯೋರು! ದೇವದೂತ ಬಂದಾಗ ಹೆದರ್ಕೊಂಡ್ರಲ್ಲಾ, ಆ ಹಾಡು!”

“ಕೇಳಿಸ್ತು ಕಣೋ! ನೀನು ಹಾಡು!”

ಅವನು ಬೆಚ್ಚಿ ತಂಗಿಯ ಮುಖ ನೋಡಿದ. ಅವಳು ಕಣ್ಣೊರೆಸಿಕೊಂಡು, ಹಾಡು ಎಂಬಂತೆ ಕೈ ಮಾಡಿದಳು. ಗುಡುಗಣ್ಣ ಶುರುಮಾಡಿದ. ಗೋಡೆಯ ಫೋಟೋ ಅದುರಿತು. ತಂಡದವರು ನಗು ತಡೆಯಲು ತುಟಿ ಕಚ್ಚಿಕೊಂಡರು. ನರ್ಸಮ್ಮನೂ ನಡುಗುವ ದನಿಯಲ್ಲಿ ಸೇರಿಕೊಂಡರು. ಅವನ ರಾಗ ಒಂದು ದಿಕ್ಕು, ಅವರದು ಇನ್ನೊಂದು. ಎರಡೂ ಎಲ್ಲೂ ಭೇಟಿಯಾಗಲಿಲ್ಲ, ಆದರೆ ಯಾವುದೂ ನಿಲ್ಲಲೂ ಇಲ್ಲ.

ಮಧ್ಯೆ ನರ್ಸಮ್ಮ ಅವನ ತೋಳು ಹಿಡಿದರು. “ಮಾತು ಮರೆತುಹೋಗಿದೆ. ಆಮೇಲೆ ಏನಾಯ್ತು, ಹೇಳು. ಅವರ ಹೆದರಿಕೆ ಹೋಯ್ತಾ?”

“ಹೋಯ್ತಮ್ಮಾ! ಹೆದರ್ಬೇಡಿ ಅಂದ್ನಲ್ಲಾ, ಹೋಯ್ತು! ಎದ್ದು ಕೂಸನ್ನ ನೋಡೋಕೆ ಹೊರಟ್ರು!”

“ಎಲ್ಲಾರೂ?”

“ಎಲ್ಲಾರೂ! ಒಟ್ಟಿಗೇ!”

ಹಾಗೆ ಕೂಗಿ ಹೇಳುತ್ತಿದ್ದಂತೆ ಅವನ ಎದೆಯಲ್ಲಿ ಏನೋ ಅಲುಗಿತು. ಪ್ರತಿ ವರ್ಷ ಕಿವಿಯ ಮೇಲೆ ಬಿದ್ದು ಜಾರಿಹೋಗುತ್ತಿದ್ದ ಮಾತುಗಳು. ಇವತ್ತು ಅವು ಸುದ್ದಿಯಾಗಿದ್ದವು, ಆ ಸುದ್ದಿಗಾಗಿ ಒಬ್ಬರು ಅವನ ಮುಖವನ್ನೇ ನೋಡುತ್ತಾ ಕೂತಿದ್ದರು. ತಾನು ನಂಬದ ಸುದ್ದಿಯನ್ನು ಆ ಕಣ್ಣುಗಳಿಗೆ ಹೇಳುವುದು ಹೇಗೆ? ಹೌದು, ನಂಬುತ್ತೇನೆ ಎನಿಸಿತು. ಯಾವ ಗುಡುಗೂ ಮಿಂಚೂ ಇಲ್ಲದೆ, ಬಾಗಿಲು ತೆಗೆದು ಮನೆಯವರು ಒಳಬಂದಷ್ಟು ಸಹಜವಾಗಿ.

“ನೀನು ಹುಟ್ಟಿದ ದಿನ ವಾರ್ಡಿಗೆ ವಾರ್ಡೇ ಎದ್ದು ಕೂತಿತ್ತು,” ಎಂದರು ನರ್ಸಮ್ಮ. “ದೇವರು ಈ ಗಂಟಲು ಸುಮ್ಮನೆ ಕೊಟ್ಟಿರಲ್ಲ ಅಂತ ಅವತ್ತೇ ಅಂದ್ಕೊಂಡಿದ್ದೆ.”

ಆಗ ತಡೆದಿಟ್ಟ ನಗು ಒಡೆಯಿತು. ಸೊಸೆ ಚಹಾಕ್ಕೆ ನೀರಿಟ್ಟಳು. ಒಂದೇ ಹಾಡು ಹಾಡಿ ಹೊರಡಬೇಕಿದ್ದವರು ಅಲ್ಲೇ ಚಕ್ಕಳಮಕ್ಕಳ ಹಾಕಿ ಕೂತರು. ಆ ತಿಂಗಳೆಲ್ಲ, ಬೇರೆ ಮನೆಗಳನ್ನು ಮುಗಿಸಿದ ಮೇಲೆ ತಂಡ ಬಂದು ಸೇರುವ ಜಾಗ ಅದೇ ಆಯಿತು. ಅಲ್ಲಿ ಗುಡುಗಣ್ಣನದೇ ಮುಖ್ಯ ದನಿ. “ಇಲ್ಲಿ ನೀನೇ ಮೇಷ್ಟ್ರು, ನಾವು ಹಿಮ್ಮೇಳ,” ಎಂದು ತಂಗಿಯೇ ಒಪ್ಪಿಕೊಂಡಳು.

ಕ್ರಿಸ್‌ಮಸ್ ಬೆಳಗ್ಗೆ ಅವನು ನರ್ಸಮ್ಮನನ್ನು ಕೈಹಿಡಿದು ಚರ್ಚಿಗೆ ಕರೆತಂದ. ಹೆಂಡತಿಯನ್ನು ಒಂದು ಕಡೆ, ಅವರನ್ನು ಇನ್ನೊಂದು ಕಡೆ ಕೂರಿಸಿಕೊಂಡ. ಪಾದ್ರಿಗಳ ಪ್ರವಚನ ಶುರುವಾಯಿತು. ಗುಡುಗಣ್ಣ ಬಗ್ಗಿ, ಪಾದ್ರಿ ಹೇಳಿದ ಮೊದಲ ಮಾತನ್ನು ನರ್ಸಮ್ಮನ ಕಿವಿಗೆ ಹೇಳಿದ. ಇಡೀ ಚರ್ಚಿಗೆ ಅದು ಎರಡನೇ ಸಲ ಕೇಳಿಸಿತು. ಜನ ತಿರುಗಿ ನೋಡಿದರು. ಪಾದ್ರಿಗಳು ಕನ್ನಡಕ ಸರಿಮಾಡಿಕೊಂಡರು. ಎರಡನೇ ಮಾತು ಹೇಳಿ, ಗುಡುಗಣ್ಣ ಮುಗಿಸುವವರೆಗೂ ಸಮಾಧಾನವಾಗಿ ಕಾದು, ಆಮೇಲೆ ಮೂರನೆಯದಕ್ಕೆ ಹೋದರು.