ಕೂಸಿನ ಪರವಾಗಿ ಕೊಟ್ಟ ಮಾತು

ಮೊಮ್ಮಗಳ ದೀಕ್ಷಾಸ್ನಾನದ ಬಿಳಿ ಫ್ರಾಕಿಗೆ ಇಸ್ತ್ರಿ ಹಾಕಿದವನು ನಾನೇ. ಅಂಗೈಯಗಲದ ಆ ಬಟ್ಟೆಯ ಜಾಲರಿ ಒಂದಿಷ್ಟೂ ಮುದುಡದಂತೆ ಅರ್ಧ ಗಂಟೆ ಬೆವರಿದ ನಾನು, ಅದೇ ವಾರ ಒಬ್ಬ ಹೆಣ್ಣುಮಗಳ ಮನಸ್ಸನ್ನು ಎಷ್ಟು ಸಲೀಸಾಗಿ ಮುರಿದೆ ಎಂಬುದನ್ನು, ಓದುವ ಗೆಳೆಯರೇ, ನಿಮ್ಮೆದುರು ಹೇಳಿಬಿಡುತ್ತೇನೆ. ಹೇಳದಿದ್ದರೆ ಉಂಡದ್ದು ಮೈಗೆ ಹತ್ತುತ್ತಿಲ್ಲ.

ಸನತ್‌ನಗರದ ತೆಲುಗರ ನಡುವಿನ ನಮ್ಮ ಕನ್ನಡ ಕ್ರೈಸ್ತ ಸಭೆಯಲ್ಲಿ ನಾನೊಬ್ಬ ಹಿರಿಯ. ಬೀದರ ಕಡೆಯಿಂದ ಬಂದ, ಮೂರು ತಲೆಮಾರಿನ ಕ್ರೈಸ್ತರು ನಾವು ಎಂಬ ಠೇಂಕಾರ ಬೇರೆ. ದೀಕ್ಷಾಸ್ನಾನ ಕೇಳಿ ಬರುವ ದೊಡ್ಡವರಿಗೆ ಪಾಠ ಹೇಳಿ, ಪರೀಕ್ಷಿಸಿ, ಪಾಸ್ಟರಿಗೆ ಒಪ್ಪಿಸುವುದು ನನ್ನ ಪಾಲಿನ ಸೇವೆ. ಲಿಂಗಂಪಲ್ಲಿಯ ಹೊಸ ಕಟ್ಟಡಗಳಿಗೆ ಇಟ್ಟಿಗೆ ಹೊರುವ ಯಾದಗಿರಿ ಕಡೆಯ ಶರಣಮ್ಮ, ಎರಡು ವರ್ಷದಿಂದ ಒಂದು ಆದಿತ್ಯವಾರವೂ ತಪ್ಪಿಸದೆ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದಳು. ಅಕ್ಷರ ಬಾರದು. ನಮ್ಮ ನಂಬಿಕೆಯನ್ನು ಸಾರುವ ವಿಶ್ವಾಸಪ್ರಮಾಣವನ್ನು ಬಾಯಿಪಾಠ ಒಪ್ಪಿಸೆಂದರೆ ನಡುವೆ ತೊಡರಿ ನಿಲ್ಲುವಳು. "ಮುಂದಿನ ತಿಂಗಳು ನೋಡೋಣ ಬಿಡವ್ವಾ" ಎಂದು ಮೂರು ಸಲ ತಿರುಗಿ ಕಳಿಸಿದೆ. ಮೂರನೆಯ ಸಲ ಕಳಿಸಿದಾಗ ಮೊಮ್ಮಗಳ ಸ್ನಾನಕ್ಕೆ ನಾಲ್ಕೇ ದಿನ ಉಳಿದಿತ್ತು.

ಆ ದಿನವೂ ಬಂತು. ಎರಡು ತಿಂಗಳ ಕೂಸು ಬೆರಳು ಚೀಪುತ್ತ ನಿದ್ದೆಹೋಗಿತ್ತು. "ವಿಶ್ವಾಸಿಸುತ್ತೀರಾ?" ಎಂದು ಪಾಸ್ಟರು ಕೇಳಿದಾಗ, ಕೂಸಿನ ಪರವಾಗಿ "ವಿಶ್ವಾಸಿಸುತ್ತೇವೆ" ಎಂದು ನಾವು ಮನೆಯವರೆಲ್ಲ ಗಟ್ಟಿಯಾಗಿ ಹೇಳಿದೆವು, ತಲೆಯ ಮೇಲೆ ನೀರು ಬಿತ್ತು, ಕೂಸು ಚಿಟ್ಟನೆ ಚೀರಿತು, ಸಭೆಯೆಲ್ಲ ನಕ್ಕಿತು.

ಹೊರಗೆ ನಾನು ಬಿರಿಯಾನಿ ಬಡಿಸುತ್ತಿದ್ದಾಗ ಶರಣಮ್ಮ ಹತ್ತಿರ ಬಂದಳು. ಜಗಳಕ್ಕಲ್ಲ, ನಿಜಕ್ಕೂ ತಿಳಿಯಲೆಂದೇ ಕೇಳಿದಳು: "ಕಾಕಾರ, ಕೂಸಿಗಿ ಮಾತ ಬರಂಗಿಲ್ಲಂತ ಅದರ ಸಲುವಾಗಿ ನೀವು ಹೇಳಿದ್ರಿ. ಭಾಳ ಚಲೋ ಆತು. ನನಗೂ ಬರವಲ್ದು. ನನ್ನ ಸಲುವಾಗಿ ಹೇಳಾವ್ರು ಯಾರೂ ಇಲ್ಲೇನ್ರಿ?"

ಥೂ, ನನ್ನ ಹಿರೇತನವೇ! ಈ ಸ್ನಾನ ತಿಳಿವಳಿಕೆ ಬಂದವರಿಗಷ್ಟೇ ಸಲ್ಲುವುದೋ, ಹಸುಗೂಸಿಗೂ ಸಲ್ಲುವುದೋ ಎಂಬ ವಾದ ಎದ್ದಾಗಲೆಲ್ಲ, ದೇವರ ಕೃಪೆ ಮೊದಲು, ಕಲಿಕೆ ಆಮೇಲೆ ಎಂದು ಮೇಜು ಗುದ್ದಿ ಹೇಳುತ್ತಿದ್ದವನು ನಾನು. ಆ ಕೃಪೆಯನ್ನು ನನ್ನ ಮನೆಯ ತೊಟ್ಟಿಲಿಗಷ್ಟೇ ಮೀಸಲಿಟ್ಟು, ಇಟ್ಟಿಗೆ ಹೊತ್ತು ಬಂದವಳ ಮುಂದೆ ಪರೀಕ್ಷೆಯ ಕಾಗದ ಹಿಡಿದಿದ್ದೆ. ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನುವಷ್ಟು ನಾಚಿಕೆಯಾಯಿತು. ಈಗಲೂ ಆಗುತ್ತದೆ.

ಪಾಸ್ಟರಿಗೆ ಎಲ್ಲ ತಿಳಿಸಿ, ಮರು ಆದಿತ್ಯವಾರ ಅವಳ ಪರವಾಗಿ ವಿಶ್ವಾಸಪ್ರಮಾಣ ಹೇಳುವ ಹೊಣೆಗಾರನಾಗಿ ಪಕ್ಕದಲ್ಲಿ ನಿಂತೆ.

"ಮಾಡಿದ ಪಾಪಕ್ಕೆ ಪಶ್ಚಾತ್ತಾಪಪಟ್ಟಿದ್ದೀಯಾ?" ಎಂದು ಪಾಸ್ಟರು ಅವಳನ್ನು ಕೇಳಿದರು.

"ಹೌದ್ರಿ" ಎಂದಳು. ತಡವರಿಸಲೇ ಇಲ್ಲ.

ನಮ್ಮ ಸಭೆಯ ರೂಢಿಯಂತೆ ಪಾಸ್ಟರು ಅದೇ ಪ್ರಶ್ನೆಯನ್ನು ಹೊಣೆಗಾರನಿಗೂ ಕೇಳಿದರು. ಎಷ್ಟೋ ಜನರ ಪಕ್ಕ ನಿಂತು ಗಿಳಿಯಂತೆ ಒಪ್ಪಿಸಿದ ಉತ್ತರ ಅದು. ಅಂದು "ಹೌದು" ಎನ್ನಲು ಹೋಗಿ ಅವಳಂತೆಯೇ ನಾನೂ ತೊಡರಿ ನಿಂತೆ. ಸಭೆಯೆಲ್ಲ ನೋಡುತ್ತಿತ್ತು.

"ಹೇಳ್ರಿ ಕಾಕಾರ, ಹೆದರಬ್ಯಾಡ್ರಿ" ಎಂದು ಶರಣಮ್ಮ ಮೆಲ್ಲಗೆ ಅಂದಳು.