ಉಪಕೇಂದ್ರದ ಕಪಾಟಿನಲ್ಲೊಂದು ಬಾಟಲಿ

ನೀಲಮ ಸಿಸ್ಟರ್ ಅಂಗಡಿಯ ಮೆಟ್ಟಿಲು ಹತ್ತಿದರೆ ಆ ಹೊತ್ತಿನ ವ್ಯಾಪಾರ ಕೆಟ್ಟಿತೆಂದೇ ತಿಳಿಯಬೇಕು. ಅಥಣಿಯ ಪೇಟೆಯಲ್ಲಿ ದ್ರಾಕ್ಷಿ ತೋಟದ ಔಷಧ ಮಾರುವವನು ನಾನು; ಅವಳು ಹತ್ತಿರದ ಹಳ್ಳಿಯ ಆರೋಗ್ಯ ಉಪಕೇಂದ್ರದ ನರ್ಸ್. ಏನೂ ಕೊಳ್ಳುವವಳಲ್ಲ. ಡಬ್ಬಿ ಕೈಗೆತ್ತಿಕೊಂಡ ಗಿರಾಕಿಗೆ ಅಡ್ಡ ನಿಂತು, "ಇದನ್ನ ಹಚ್ಚೂ ಆಳಿಗೆ ಗ್ಲೋಜ್ ತಗೊಂಡ್ರೇನ್ರಿ?" ಎನ್ನುತ್ತಾಳೆ. ಕೈಗೆ ಹಾಕುವ ಆ ರಬ್ಬರ್ ಗ್ಲೋಜ್ ನಾನೂ ಇಟ್ಟಿದ್ದೇನೆ. ಧೂಳು ಝಾಡಿಸಲು ಆಗಾಗ ಕೆಳಗಿಳಿಸುತ್ತೇನೆ.

ಅಕ್ಟೋಬರಿನಲ್ಲಿ ಬಳ್ಳಿ ಕತ್ತರಿಸಿದ ಮೇಲೆ, ಕಣ್ಣುಗಳೆಲ್ಲ ಒಟ್ಟಿಗೆ ಚಿಗುರಲೆಂದು ಕಡ್ಡಿಗೆ ಒಂದು ಔಷಧವನ್ನು ಬಟ್ಟೆಯಲ್ಲಿ ಅದ್ದಿ ಸವರುತ್ತಾರೆ. ಸವರಿದವನು ಒಂದು ವಾರ ಸಾರಾಯಿ ಮುಟ್ಟಬಾರದೆಂದು ಡಬ್ಬಿಯ ಮೇಲೇ ಬರೆದಿರುತ್ತದೆ. ಡಬ್ಬಿ ಓದುವ ಚಟ ನಮ್ಮ ಕಡೆ ಯಾರಿಗೂ ಇಲ್ಲ. ತೋಟದ ಪದ್ಧತಿ ಬೇರೆಯೇ: ಕೆಲಸ ಮುಗಿದ ಸಂಜೆ ಮಾಲೀಕ ಗ್ಯಾಂಗಿಗೆ ಬಾಟಲಿ ಕೊಡಬೇಕು. ಒಂದು ಗುಟುಕು ಹೋದರೆ ಔಷಧದ ಕಾವು ಇಳಿಯುತ್ತದೆಂದು ಆಳುಗಳ ನಂಬಿಕೆ.

ಹೋದ ವರ್ಷ ವಿರುಪಾಕ್ಷಪ್ಪನ ತೋಟದಲ್ಲಿ ಆ ಗುಟುಕು ಕುಡಿದ ಆಳು ನಾಮದೇವ ಇಟ್ಟಂಗಿಯಂತೆ ಕೆಂಪಾಗಿ, ಎದೆ ಹಿಡಿದುಕೊಂಡು ಸಾಲಿನಲ್ಲೇ ಉರುಳಿದ. "ಕುಡಿಯೂ ತಾಕತ್ತಿಲ್ಲ ಮಗಂದು," ಎಂದು ವಿರುಪಾಕ್ಷಪ್ಪ ನಕ್ಕ. ನೀಲಮ ನಾಮದೇವನನ್ನು ಆಸ್ಪತ್ರೆಗೆ ಸಾಗಿಸಿ ಉಳಿಸಿಕೊಂಡಳು. ಈ ವರ್ಷವೂ ಅದೇ ತೋಟ, ಅದೇ ನಾಮದೇವ. ಅವನ ಹೆಂಡತಿ ಅಕ್ಕುತಾಯಿ ಯಾರಿಗೂ ತಿಳಿಯದಂತೆ ಉಪಕೇಂದ್ರಕ್ಕೆ ಹೋಗಿ, "ಈ ಸಲ ಬಿದ್ರ ಏಳೂದಿಲ್ರಿ ಬಾಯಾರ," ಎಂದು ಅತ್ತಿದ್ದಳು.

ಸವರುವುದು ಮುಗಿದ ಸಂಜೆ ನೀಲಮಳ ಸ್ಕೂಟಿ ತೋಟಕ್ಕೆ ಬಂತು. ಗೊಬ್ಬರ ಇಳಿಸಲು ಹೋದ ನಾನೂ ಅಲ್ಲಿದ್ದೆ.

"ಬಾಟ್ಲಿ ಕೊಡಬ್ಯಾಡ್ರಿ ಯಜಮಾನ್ರ."

"ಪೋಲಿಯೋ ಹನಿ ಹಾಕೂದು ನಿಮ್ಮ ಕೆಲಸ. ನಮ್ಮ ತ್ವಾಟದಾಗ ನಿಮ್ದೇನ್ರಿ?"

ಅವನಿಗಿಂತ ಗ್ಯಾಂಗಿಗೇ ಸಿಟ್ಟು ಹೆಚ್ಚು. "ದಿನಾಪೂರ್ತಿ ದುಡದೀವಿ, ಕಸಗೊಳ್ಳಾಕ ಬಂದಾಳ ನೋಡ್ರಲೇ!" ಎಂದು ಕೂಗಿದವನು ನಾಮದೇವನೇ. ಅಕ್ಕುತಾಯಿ ಬಳ್ಳಿಯ ಕಡೆ ಮುಖ ತಿರುಗಿಸಿದಳು.

ವಿರುಪಾಕ್ಷಪ್ಪ ಜಾಣ. "ಸಿಸ್ಟರ್ ಬ್ಯಾಡ ಅಂದಾರಪಾ, ನಾ ಏನ ಮಾಡ್ಲಿ?" ಎಂದು ಬಾಟಲಿಯನ್ನು ಜೀಪಿನೊಳಗಿಟ್ಟ. ಬೈಗುಳ ಅವಳಿಗೆ, ಬಾಟಲಿ ಅವನಿಗೆ. ಇಂಥ ವ್ಯಾಪಾರ ನನಗೂ ಹೊಳೆದಿರಲಿಲ್ಲ.

ನೀಲಮ ಜೀಪಿಗೆ ಕೈ ಹಾಕಿ ಅದನ್ನು ಹೊರತೆಗೆದಳು. "ಇದು ಅವ್ರದ. ಒಂದ ವಾರ ನನ್ನ ಕಪಾಟಿನ್ಯಾಗ ಇರ್ತೈತಿ. ಆಮ್ಯಾಲೆ ಬಂದು ಒಯ್ರಿ. ನಡುವ ಒಬ್ಬಾಂವ ಎಲ್ಲ್ಯಾರ ಕುಡದ್ರೂ ಯಾರಿಗೂ ಬೂಚ ಸೈತ ಸಿಗೂದಿಲ್ಲ."

ಮರುದಿನವೇ ವಿರುಪಾಕ್ಷಪ್ಪ ಮೇಲಿನವರಿಗೆ ಫೋನ್ ಹಚ್ಚಿದ: ನರ್ಸ್ ಸರಕಾರಿ ಕಪಾಟಿನಲ್ಲಿ ದಾರು ಇಟ್ಟುಕೊಂಡಿದ್ದಾಳೆ. ಬಂದ ಸಾಹೇಬರು ಕಪಾಟು ತೆಗೆಸಿದರು. ದೂರು ಸುಳ್ಳಲ್ಲ, ಕಬ್ಬಿಣದ ಮಾತ್ರೆಗಳ ಪಕ್ಕದಲ್ಲಿ ಬಾಟಲಿ ಗಂಭೀರವಾಗಿ ನಿಂತಿತ್ತು. "ಚೆಲ್ಲು," ಎಂದರು.

"ಚೆಲ್ಲಿದ್ರ ಇವತ್ತ ಬ್ಯಾರೇದ ತರ್ತಾರ್ರಿ. ನೋಟಿಸ ಕೊಡ್ರಿ, ತಗೋತೀನಿ."

ಕೊಟ್ಟೇ ಹೋದರು.

ಇತ್ತ ಗ್ಯಾಂಗಿನವರು ಬಾಟಲಿ ಕೈತಪ್ಪೀತೆಂದು ಒಬ್ಬರಿಗೊಬ್ಬರು ಕಾವಲು ನಿಂತರು. ನಾಮದೇವ ಸಾರಾಯಿ ಅಂಗಡಿಯ ಕಡೆ ಹೊರಳಿದರೆ ಸಾಕು, "ಎಲ್ಲಿಗೆ ಹೊಂಟಿ ಲೇ?" ಎಂದು ಹಿಂದೆಯೇ ಬೀಳುತ್ತಿದ್ದರು. ಅಷ್ಟು ಪಹರೆ ನನ್ನ ಗೋದಾಮಿಗೂ ಇಲ್ಲ. ದಾರಿಯಲ್ಲಿ ನೀಲಮ ಎದುರಾದರೆ ಮಾತ್ರ ಎಲ್ಲರೂ ಒಂದಾಗಿ ಉಗುಳುತ್ತಿದ್ದರು.

ವಾರ ಕಳೆಯಿತು. ಬಿಪಿ ನೋಡಿಸಲು ಹೋದವನು ನಾನು ಉಪಕೇಂದ್ರದಲ್ಲೇ ಕೂತಿದ್ದೆ. ಗ್ಯಾಂಗು ಹೆಂಡಿರೊಂದಿಗೆ ಬಂದು ಅಂಗಳದಲ್ಲಿ ನಿಂತಿತು. ನಮಸ್ಕಾರವೂ ಇಲ್ಲ. ನೀಲಮ ಕಪಾಟು ತೆಗೆದು ಬಾಟಲಿ ಕೊಟ್ಟಳು. ನಾಮದೇವ ಅದನ್ನು ಬಿಸಿಲಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಮಟ್ಟ ಇಳಿದಿದೆಯೇ ಎಂದು ನೋಡಿದ.

"ಈಕಿ ಕುಡದಿರಬೇಕ ಅನಸ್ತೈತಿ," ಎಂದ.

ಅಕ್ಕುತಾಯಿ ಈ ಸಲ ಮುಖ ತಿರುಗಿಸಲಿಲ್ಲ. ಎಲ್ಲರೆದುರು ಅವನ ಕೈಯೊಳಗಿನ ಬಾಟಲಿ ಕಿತ್ತುಕೊಂಡಳು.

"ನೋಡ, ಚಂದಂಗ ನೋಡ. ಹೋದ ವರ್ಷ ಇದನ್ನ ಕುಡದು ಬಿದ್ದಾಗ ಆ ನಿನ್ನ ಕಣ್ಣ ಮ್ಯಾಲೆ ಸಿಕ್ಕೊಂಡಿದ್ವು. ಅವನ್ನ ಕೆಳಗ ಇಳಿಸಿದಾಕಿ ಈಕಿನ."